ಬಾಯಲ್ಲಿ ಹಿಡಿದ ನೀರು

ಹೆಬ್ಬೆರಳಿಂದ ಒತ್ತಿದರೆ ಶೇಂಗಾ ಚಿಟ್ ಎಂದು ಬಾಯಿ ಬಿಡುತ್ತಿತ್ತು. ನಮ್ಮ ಹನ್ನೊಂದು ಹೆಂಗಸರ ಬಾಯಿ ಮುಚ್ಚಿತ್ತು. ಒಳಗೆ ನೀರಿತ್ತು.

ಧಣಿಯ ವಾಡೆಯ ಅಂಗಳದಲ್ಲಿ ಶೇಂಗಾ ಒಡೆಯುವ ಪದ್ಧತಿ ಅದು. ಹೊತ್ತೇರುವಾಗ ಗುಮಾಸ್ತ ಶಂಕರಯ್ಯ ತಂಬಿಗೆ ಬಗ್ಗಿಸಿ ಒಬ್ಬೊಬ್ಬಳ ಬಾಯಿಗೆ ನೀರು ಹೊಯ್ಯುತ್ತಿದ್ದ. ಮಾದಿಗರ ತುಟಿ ತಂಬಿಗೆಗೆ ತಾಗಬಾರದು, ಅದಕ್ಕೆ ಗೇಣುದ್ದ ಮೇಲಿನಿಂದ. ಆ ನೀರನ್ನು ಮಧ್ಯಾಹ್ನದ ತನಕ ಹಿಡಿದು ಕೂತಿರಬೇಕು. ಆಮೇಲೆ ಅವರವರ ಕುಡಿಕೆಯಲ್ಲಿ ಉಗುಳಬೇಕು. ಕುಡಿಕೆಗೆ ಸುಣ್ಣದ ಗೆರೆ ಎಳೆದಿತ್ತು. ಜೊಲ್ಲು ಸೇರಿ ನೀರು ಗೆರೆ ದಾಟಿದರೆ ಅವಳು ನಿಯತ್ತಿನವಳು. ಗೆರೆಗಿಂತ ಕೆಳಗಿದ್ದರೆ ನೀರಿನ ಜೊತೆ ಕಾಳನ್ನೂ ನುಂಗಿದ್ದಾಳೆ. ಕೂಲಿ ಎಂದರೆ ಒಡೆದ ಸಿಪ್ಪೆ. ಸಂಜೆ ಬುಟ್ಟಿ ತುಂಬಿಕೊಂಡು ಹೋಗಿ ಒಲೆಗೆ ಹಾಕಿಕೊಳ್ಳಬಹುದು.

ಅವತ್ತು ಬುಚ್ಚಮ್ಮನಿಗೆ ಕೆಮ್ಮು ಬಂತು. ಮುದುಕಿ ತಡೆದಳು, ಕಣ್ಣು ಕೆಂಪಾಯಿತು, ಕೊನೆಗೆ ಗಂಟಲು ಗುಟುಕ್ ಎಂದಿತು.

"ಏನ್ ಬೇ ಮುದಿ ರಂಡಿ, ಗಂಟ್ಲು ಆಡಿತಲ್ಲ?" ಶಂಕರಯ್ಯ ಎದ್ದು ಬಂದ.

"ಕೆಮ್ಮು ಬಂತ್ರೀ ಅಪ್ಪಾರ."

"ಕೆಮ್ಮು ಬಂತೋ, ಕಾಳು ಹೋತೋ? ಬಾಯಿ ತಗಿ."

ಕೈ ಹಾಕಿ ನೋಡುವಂತಿಲ್ಲ, ಮೈಲಿಗೆ. ಕೈಯಲ್ಲಿದ್ದ ಬೆತ್ತವನ್ನೇ ಅವಳ ಬಾಯಿಗೆ ತುರುಕಿ ತಿರುವಿದ. ಮುದುಕಿಗೆ ಇದ್ದದ್ದೇ ಎರಡು ಹಲ್ಲು. ಒಂದು ಬೆತ್ತದ ಜೊತೆ ಹೊರಗೆ ಬಂತು. ಕಾಳು ಸಿಗಲಿಲ್ಲ. ನಾವು ಹತ್ತು ಮಂದಿ ತಲೆ ತಗ್ಗಿಸಿ ಶೇಂಗಾ ಒಡೆದೆವು. ಬಾಯಲ್ಲಿ ನೀರಿದ್ದವರು ಏನು ಅಂದಾರು?

ಬುಚ್ಚಮ್ಮ ರಕ್ತ ಒರೆಸಿಕೊಂಡಳು. "ಇನ್ನ ಒಂದೇ ಹಲ್ಲು ಐತ್ರೀ ಅಪ್ಪಾರ. ಹುರದು ಕೊಟ್ರೂ ತಿನ್ನಾಕ ಬರಂಗಿಲ್ಲ ಅಂತ ಧಣ್ಯಾರಿಗೆ ಹೇಳ್ರಿ."

ಯೂನಿಯನ್ ಮಿಲ್ಟ್ರಿ ಬಂದು ಎರಡು ತಿಂಗಳಾಗಿತ್ತು. ವಾಡೆಯ ಮಾಳಿಗೆಯಿಂದ ನಿಜಾಮನ ಹಳದಿ ಬಾವುಟ ಇಳಿದು ಮೂರು ಬಣ್ಣದ್ದು ಏರಿತ್ತು. ಆಷಾಢದಲ್ಲಿ ರಜಾಕಾರರಿಗೆ ಕುರಿ ಕಡಿಸಿದ್ದ ಧಣಿ ದೇವೇಂದ್ರಪ್ಪ ಈಗ ಬಿಳಿ ಟೋಪಿ ಇಟ್ಟಿದ್ದ. ನೀರು ಮಾತ್ರ ಅದೇ ಬಾವಿಯದು, ತಂಬಿಗೆಯೂ ಅದೇ.

ನನ್ನ ಗಂಡ ಊರಿನ ಟಪಾಲು ಹೊರುವವನು. ನೌಕರಿಯಲ್ಲ, ಬಿಟ್ಟಿ. ವಾಡೆಯ ಕಾಗದ ಕೃಷ್ಣಾ ಸ್ಟೇಶನ್ನಿಗೆ ಮುಟ್ಟಿಸಬೇಕು. ಸುಗ್ಗಿಯಲ್ಲಿ ಶೇಂಗಾ ಚೀಲಗಳ ಜೊತೆ ಹೈದರಾಬಾದಿಗೆ ಹೋಗಿ, ಗಿರಣಿಯಲ್ಲಿ ಇಳಿಸಿ, ಧಣಿಯ ಹವೇಲಿಗೆ ತುಪ್ಪದ ಡಬ್ಬಿ ಹೊತ್ತು ಹಾಕಿ ಬರಬೇಕು. ಅವನ ಅಪ್ಪನಿಂದ ಅವನಿಗೆ ಬಂದ ಆಸ್ತಿ ಇದೊಂದೇ. ಕಾಗದಕ್ಕೆ ಕೈ ಹಚ್ಚುವ ಹಾಗಿರಲಿಲ್ಲ. ಬಿದಿರ ಕೋಲಿನ ತುದಿ ಸೀಳಿ, ಆ ಸೀಳಿನಲ್ಲಿ ಶಂಕರಯ್ಯ ಕಾಗದ ಸಿಕ್ಕಿಸುತ್ತಿದ್ದ. ಕೋಲನ್ನು ತಲೆಯ ಮೇಲೆ ಎತ್ತಿ ಹಿಡಿದು ಸ್ಟೇಶನ್ನಿನ ತನಕ ನಡೆಯಬೇಕು.

ಅವತ್ತು ಸಂಜೆ ಅವನು ಹೈದರಾಬಾದಿನಿಂದ ಬಂದ. ನಾನು ರೊಟ್ಟಿ ಬಡಿಯುತ್ತಿದ್ದೆ. ಒಲೆಯಲ್ಲಿ ಶೇಂಗಾ ಸಿಪ್ಪೆ ಉರಿಯುತ್ತಿತ್ತು. ಬುಚ್ಚಮ್ಮ ದವಡೆಗೆ ಅರಿಷಿಣ ಮೆತ್ತಿಕೊಂಡು ಬಂದು ಕೂತಳು. ಪ್ರತಿ ವರ್ಷ ಕೇಳುವುದನ್ನೇ ಕೇಳಿದಳು.

"ಹೆಂಗೈತೋ ಪಟ್ನ?"

"ಬಂಡಿಗಲ್ಲು ಬೇ. ಯಾರೋ ಒಂದರ ಮ್ಯಾಲೊಂದು ಪೇರಿಸಿಟ್ಟು ಮರತು ಹ್ವಾದಂಗ. ನಡುವ ಮೂಸಿ ಹೊಳಿ. ಹೊಳಿಗೆ ಈ ಕಡಿ ಹಳೇ ಸುಲ್ತಾನರ ಊರು, ನಾಕು ಮಿನಾರ. ಆ ಕಡಿ ಬಿಳಿ ದೊರಿಗಳ ದಂಡು, ಕೆರಿ, ರೇಲು. ಆದ್ರ ಒಂದು ಹೊಲ ಜ್ವಾಳ ಕಾಣಂಗಿಲ್ಲ ನೋಡು."

"ಮತ್ತ ಏನ್ ತಿಂತಾರೋ?"

"ನಮ್ಮನ್ನ," ಅಂದು ರೊಟ್ಟಿ ಮುರಿದ. "ಇಲ್ಲಿಂದ ಶೇಂಗಾ, ಐಜದಿಂದ ಹತ್ತಿ, ನಾರಾಯಣಪ್ಯಾಟಿಯಿಂದ ಸೀರಿ. ಎಲ್ಲಾ ಅತ್ತಾಗ ಹೋಗೂದು. ಅತ್ತಾಗಿಂದ ಇತ್ತಾಗ ಬರೂದು ಕಾಗದ ಒಂದೇ, ಹುಕುಂ. ನೀವು ಬಾಯಾಗ ನೀರು ಹಿಡದು ಒಡದ ಕಾಳು ಗಿರಣ್ಯಾಗ ಗುಡ್ಡ ಹಾಕ್ಯಾರ ಬೇ. ಹಮಾಲರು ನಡದಾಡಕೊಂತ ಮುಕ್ಕತಾರ. ಯಾವ ಮಗನೂ ಕೇಳಂಗಿಲ್ಲ. ನಾನೂ ಒಂದು ಮುಷ್ಟಿ ಮುಕ್ಕಿದೆ."

"ಹೆಂಗಿತ್ತೋ ರುಚಿ?" ಮುದುಕಿ ಮುಂದೆ ಬಾಗಿ ಕೇಳಿದಳು.

ಅವನು ರೊಟ್ಟಿ ಕೆಳಗಿಟ್ಟ. ಅವಳ ಊದಿದ ದವಡೆಯನ್ನೇ ನೋಡುತ್ತಿದ್ದ. ಆಮೇಲೆ ಧೋತರದ ಸೆರಗಿನಿಂದ ಮುತ್ತುಗದ ಎಲೆಯ ಪೊಟ್ಟಣ ಬಿಚ್ಚಿದ. ಒಳಗೆ ಕಾಗದವಿತ್ತು.

"ನಲವತ್ತು ವರ್ಷದ ಹಿಂದ ಮೂಸಿ ಉಕ್ಕಿ ಪಟ್ನ ತೊಳಕೊಂಡು ಹೋತಂತ. ಒಂದು ಹುಣಸಿ ಗಿಡ ಹಿಡಕೊಂಡು ನೂರೈವತ್ತು ಮಂದಿ ಜೀವ ಉಳಿಸಿಕೊಂಡ್ರಂತ. ಅಂಥಾದೇ ಒಂದು ಗಿಡದ ಬುಡಕ್ಕ ಅರ್ಜಿ ಬರಿಯಾವ ಕುಂತಿದ್ದ, ಮುದುಕ ಸಾಬ. ಬಾಯಾಗಿನ ನೀರಿನ ಸುದ್ದಿ ಹೇಳಿದೆ. ಎರಡು ಸಲ ಲೇಖಣಿ ಕೆಳಗಿಟ್ಟ. ಬಿಟ್ಟಿ ಮಾಡ್ಸೂದು ಎಂದೋ ರದ್ದಾಗೈತಂತ ಬೇ, ನಮಗ ಹೇಳೋರಿಲ್ಲ. ಉರ್ದುದಾಗ ಎಲ್ಲಾ ಬರದಾನ. ದುಡಿಯೋರ ಹೆಬ್ಬೆಟ್ಟು ಹಚ್ಚಿ ಹೊಸ ಸರ್ಕಾರಕ್ಕ ಕಳಸ್ರಿ ಅಂದಾನ."

ದೀಪದ ಕಾಡಿಗೆಗೆ ಔಡಲೆಣ್ಣೆ ಕಲಸಿದೆವು. ಬುಚ್ಚಮ್ಮ ಮೊದಲು ಒತ್ತಿದಳು. "ಹಲ್ಲಿನ ಗುರುತೂ ಒತ್ತಲೇನೋ? ಇನ್ನೊಂದು ಉಳದೈತಿ." ಆಮೇಲೆ ನಾನು, ಹಂಪಮ್ಮ, ಎಲ್ಲಮ್ಮ, ಮೈಸಮ್ಮ. ಒಬ್ಬೊಬ್ಬರಾಗಿ ಹನ್ನೊಂದೂ ಹೆಬ್ಬೆಟ್ಟು ಬಿದ್ದವು.

ಬೆಳಿಗ್ಗೆ ಅವನು ಆ ಕಾಗದವನ್ನು ಎಲೆಯಿಂದಲೇ ಎತ್ತಿ ಸೀಳುಕೋಲಿಗೆ ಸಿಕ್ಕಿಸುತ್ತಿದ್ದ.

"ಕೋಲು ಯಾಕ? ಧೋತರದಾಗ ಕಟ್ಟಿಕೊಂಡು ಹೋಗು," ಅಂದೆ.

"ಹುಚ್ಚೀ, ಊರಾಗ ಟಪಾಲು ಧೋತರದಾಗ ಹೋಗಿದ್ದು ಕಂಡೀಯೇನು? ಮುಟ್ಟಿದ ಕಾಗದ ಅಂತ ಪಟ್ನದೋರು ಹೊಳ್ಳಿ ಕಳಿಸಿದ್ರ? ಇಷ್ಟು ಮಂದಿ ಹೆಬ್ಬೆಟ್ಟು ಐತಿ ಅದರಾಗ ಜಮ್ಮೀ. ಮರ್ಯಾದಿಲೆ ಹೋಗಬೇಕು ಅದು."

ಕಾಗದ ಹೋಗುವುದೆಂದರೆ ಹಾಗೆಯೇ ಎಂದು ಅವನು ಹುಟ್ಟಿದಾಗಿನಿಂದ ಕಂಡಿದ್ದ. ನಾನೂ ಸುಮ್ಮನಾದೆ. ಆ ಸುಮ್ಮನಾದದ್ದು ನನ್ನ ಪಾಲಿನ ತಪ್ಪು.

ಸ್ಟೇಶನ್ನಿನ ದಾರಿ ವಾಡೆಯ ಮುಂದೆಯೇ. ನಾವು ಅಂಗಳದಲ್ಲಿ ಬಾಯಲ್ಲಿ ನೀರು ಹಿಡಿದು ಕೂತಿದ್ದೆವು. ಶಂಕರಯ್ಯ ಕೊನೆಯವಳಿಗೆ ನೀರು ಹೊಯ್ಯುತ್ತಿದ್ದ. ಗೋಡೆಯ ಮೇಲೆ, ಆಚೆ ಕಡೆ, ಕೋಲಿನ ತುದಿ ಕಾಣಿಸಿತು. ಬಿಳಿ ಕಾಗದ ಬಿಸಿಲಿಗೆ ಹೊಳೆಯುತ್ತ ಗೋಡೆಯುದ್ದಕ್ಕೂ ಸಾಗಿತು.

ಶಂಕರಯ್ಯನ ತಂಬಿಗೆ ನಿಂತಿತು. "ಇವತ್ತು ನಾನು ಟಪಾಲು ಕೊಟ್ಟೇ ಇಲ್ಲಲ್ಲ. ಹಿಡೀರಲೇ ಅವನ್ನ."

ಆಳುಗಳು ಓಡಿದರು. ಹೊರಗೆ ಕೂಗಾಟ, ಕೋಲು ಮುರಿದ ಸದ್ದು. ಎಳೆದು ತಂದು ಅಂಗಳದಲ್ಲಿ ಎಸೆದರು. ಅವನು ಬಿದ್ದದ್ದು ನನ್ನ ಮುಂದಿದ್ದ ಸಿಪ್ಪೆಯ ರಾಶಿಯ ಮೇಲೆ. ಮುಷ್ಟಿ ಬಿಗಿಯಾಗಿತ್ತು. ಬಿದ್ದ ಏಟಿಗೆ ಆ ಮುಷ್ಟಿ ಸಿಪ್ಪೆಯೊಳಗೆ ಇಳಿಯಿತು, ಮೇಲೆ ಬಂದಾಗ ಖಾಲಿ ಇತ್ತು. ಅವನು ಕಾಗದಕ್ಕೆ ಕೈ ಹಚ್ಚಿದ್ದು ಅದೇ ಮೊದಲು. ನಾನು ಮೊಣಕಾಲು ಸರಿಸಿ ಅದರ ಮೇಲಿಟ್ಟೆ.

ಧಣಿ ಒಳಗಿನಿಂದ ಬಂದ. ಟೋಪಿ ಸರಿಮಾಡಿಕೊಂಡ.

"ಏನ್ ಕಾಗದ ಅದು, ತಾಯಣ್ಣ?"

"ಏನಿಲ್ರೀ ಧಣಿ."

"ಎಲ್ಲೈತಿ?"

"ನುಂಗೀನ್ರಿ."

ಧಣಿ ನಕ್ಕ. "ನಮ್ಮ ಅಂಗಳದಾಗ ಒಂದು ಕಾಳು ನುಂಗಾಕ ಬಿಡಂಗಿಲ್ಲ, ಕಾಗದ ಬಿಡ್ತೀವೇನಲೇ? ಯಾರ್ಯಾರ ಹೆಸರೈತಿ ಅದರಾಗ?"

"ನಂದೊಂದೇ ಐತ್ರಿ."

"ಸುಳ್ಳು ಸೂಳಿಮಗನ. ಶಂಕರಯ್ಯ, ಹೊಟ್ಟ್ಯಾಗಿಂದ ತಗಸು."

ಎತ್ತಿಗೆ ಔಷಧಿ ಕುಡಿಸುವ ಬಿದಿರ ಗೊಟ್ಟ ತಂದರು. ಇಬ್ಬರು ಕೈ ಹಿಡಿದರು, ಒಬ್ಬ ಎದೆಯ ಮೇಲೆ ಕೂತ. ಗೊಟ್ಟವನ್ನು ಗಂಟಲಿನ ತನಕ ಇಳಿಸಿ ಕೊಡದಿಂದ ನೀರು ಹೊಯ್ದರು. ಹೊಟ್ಟೆ ಏರಿತು. ಒಬ್ಬ ಅದರ ಮೇಲೆ ಕಾಲಿಟ್ಟು ತುಳಿದ. ನೀರು ಬಂತು, ಬೆಳಗಿನ ರೊಟ್ಟಿ ಬಂತು. ಶಂಕರಯ್ಯ ಬೆತ್ತದಿಂದ ಕೆದಕಿ ನೋಡಿದ.

"ಕಾಗದ ಇಲ್ರೀ."

"ಇನ್ನೊಂದು ಕೊಡ ಹಾಕ್ರಿ."

ನನ್ನ ಮೊಣಕಾಲ ಕೆಳಗೆ ಕಾಗದ ಬೆಚ್ಚಗಿತ್ತು. ಬಾಯಿ ಬಿಟ್ಟು ಇಲ್ಲೈತ್ರೀ ಅಂದರೆ ಸಾಕು, ಅವರು ಗೊಟ್ಟ ತೆಗೆಯುತ್ತಿದ್ದರು. ತೆಗೆದು ಹನ್ನೊಂದು ಹೆಬ್ಬೆಟ್ಟು ನೋಡುತ್ತಿದ್ದರು. ನನ್ನ ಕೈ ಮೊಣಕಾಲಿನ ಕಡೆ ಹೋಯಿತು. ಅವನು ನೋಡಿದ. ಗೊಟ್ಟ ಬಾಯಲ್ಲಿದ್ದವನು ತಲೆ ಅಲ್ಲಾಡಿಸಲಾರ. ಕಣ್ಣು ಮಾತ್ರ ಒಮ್ಮೆ ಗಟ್ಟಿಯಾಗಿ ಮುಚ್ಚಿ ತೆರೆದ. ನಾನು ಕೈ ಹಿಂದಕ್ಕೆ ತಂದು ಒಂದು ಶೇಂಗಾ ಎತ್ತಿಕೊಂಡು ಒಡೆದೆ.

ಎರಡನೆಯ ಕೊಡಕ್ಕೆ ಮೂಗಿನಿಂದ ರಕ್ತ ಬಂತು. ಮೂರನೆಯದಕ್ಕೆ ಕಾಲು ಬಡಿಯುವುದು ನಿಂತಿತು. ಆಮೇಲೂ ಸ್ವಲ್ಪ ಹೊತ್ತು ತುಳಿದರು.

"ಹೋದನ್ರೀ," ಅಂದ ಎದೆಯ ಮೇಲೆ ಕೂತವನು, ಎದ್ದು ಒದ್ದೆ ಧೋತರ ಹಿಂಡುತ್ತ.

ಧಣಿ ಮಾಳಿಗೆಯ ಮೇಲಿನ ಬಾವುಟದ ಕಡೆ ಒಮ್ಮೆ ನೋಡಿದ. "ಹೊಳಿಗೆ ಬಿದ್ದಾನ ಅಂತ ಬರಿ," ಅಂದು ಒಳಗೆ ಹೋದ.

ನಾವು ಮಧ್ಯಾಹ್ನದ ತನಕ ಒಡೆದೆವು. ಶಂಕರಯ್ಯ ಕುಡಿಕೆ ಇಟ್ಟ. ನನ್ನ ಸರದಿ ಬಂದಾಗ ಉಗುಳಿದೆ. ನೀರು ಗೆರೆ ದಾಟಿ, ಕುಡಿಕೆ ತುಂಬಿ, ನೆಲಕ್ಕೆ ಚೆಲ್ಲಿತು.

"ನಿಯತ್ತಂದ್ರ ಇದು ನೋಡ್ರಿ," ಅಂದ ಅವನು ಉಳಿದವರಿಗೆ.

ಸಂಜೆ ಸಿಪ್ಪೆಯ ಬುಟ್ಟಿ ಹೊತ್ತು ಹೊರಬಿದ್ದೆ. ಕಾಗದ ತಳದಲ್ಲಿತ್ತು. ಬಾಗಿಲಲ್ಲಿ ಬಿದ್ದಿದ್ದ ಮುರಿದ ಕೋಲನ್ನೂ ಎತ್ತಿಕೊಂಡೆ. ಮಕ್ತಲ್‌ನಿಂದ ಪೊಲೀಸ್ ಅಮೀನ ಬಂದ. ಹೊಟ್ಟೆ ತುಂಬ ನೀರಿತ್ತಲ್ಲ, ಮುಳುಗಿ ಸತ್ತಿದ್ದಾನೆ ಎಂದು ಅವನೂ ಒಪ್ಪಿಕೊಂಡ.

ಧಣಿಯ ಆಳುಗಳು ಕಾಗದ ಹುಡುಕಿ ಕೇರಿಯನ್ನು ಮೂರು ಸಲ ಜಡತಿ ಮಾಡಿದರು. ಒಲೆ ಅಗೆದರು, ಗಡಿಗೆ ಒಡೆದರು. ಕಾಗದ ಮುರಿದ ಕೋಲಿನ ಪೊಳ್ಳಿನಲ್ಲಿತ್ತು. ಮಾದಿಗರ ಕೋಲನ್ನು ಯಾರೂ ಮುಟ್ಟಲಿಲ್ಲ.

ಆಮೇಲೆ ಅದನ್ನು ಯಾರ ಕೈಗೆ ಕೊಡಲಿ? ಊರಲ್ಲಿ ಅಕ್ಷರ ಬಲ್ಲವರೆಲ್ಲ ವಾಡೆಯ ಅನ್ನ ಉಂಡವರು. ಲಕೋಟೆಯ ಮೇಲೆ ಸರ್ಕಾರ ಇರುವ ಊರ ಹೆಸರು ಬರೆಯಲು ಒಂದು ಕೈ ಬೇಕಾಗಿತ್ತು. ಆ ಕೈ ನನ್ನದೇ ಆಗಲು ಎಂಟು ವರ್ಷ ಹಿಡಿಯಿತು.

ಎಣ್ಣೆ ಗಿರಣಿಯಲ್ಲಿ ಹಮಾಲಿ ಮಾಡಿ, ಎದೆನೋವು ಹತ್ತಿಸಿಕೊಂಡು ಊರಿಗೆ ಮರಳಿದ ಭೀಮಯ್ಯ ಕೇರಿಯಲ್ಲಿ ರಾತ್ರಿ ಶಾಲೆ ಇಟ್ಟ. ಪುಸ್ತಕದಲ್ಲಿ ಒಂದು ಪಾಠವಿತ್ತು. 'ನಮ್ಮ ರಾಜಧಾನಿ ಹೈದರಾಬಾದು. ಅದು ಮೂಸಿ ನದಿಯ ದಂಡೆಯ ಮೇಲಿದೆ. ಅಲ್ಲಿ ಕೆರೆಗಳೂ ಗಿರಣಿಗಳೂ ಇವೆ. ಜಿಲ್ಲೆಗಳಿಂದ ಅಲ್ಲಿಗೆ ಎಣ್ಣೆಕಾಳು ಬರುತ್ತದೆ.'

"ತಾನ ನಡಕೊಂತ ಬರ್ತೈತೇನ್ರೀ ಮೇಷ್ಟ್ರ?" ಎಂದು ಕೇಳಿದೆ. ಎಲ್ಲರೂ ನಕ್ಕರು. ಭೀಮಯ್ಯ ನಗಲಿಲ್ಲ. ಅವನ ಹೆಗಲ ಮೇಲೆ ಚೀಲದ ಕಪ್ಪು ಗುರುತು ಇನ್ನೂ ಇತ್ತು.

ಆ ಪಾಠದಿಂದ ಹೈದರಾಬಾದು ಎಂಬ ಐದು ಅಕ್ಷರ ತಿದ್ದಿದೆ. ಬೂದಿಯ ಮೇಲೆ, ಗೋಡೆಯ ಮೇಲೆ, ಸಿಪ್ಪೆಯ ಬುಟ್ಟಿಯ ಬೆನ್ನ ಮೇಲೆ.

ಆ ವರ್ಷ ಹೊಸ ಶೇಂಗಾ ಬರುವ ಹೊತ್ತಿಗೆ ಸುದ್ದಿ ಬಂತು. ಹೈದರಾಬಾದು ರಾಜ್ಯ ಒಡೆದು ಮೂರು ಪಾಲಾಗುತ್ತದೆ, ರಾಯಚೂರು ಆಚೆಗೆ, ನಾವು ಈಚೆಗೆ.

"ಪಟ್ನ ಇರ್ತೈತೇನ್ರೀ?" ಅಂದೆ.

"ಪಟ್ನ ಎಲ್ಲಿಗೆ ಹೋಗ್ತೈತವ್ವ? ರಾಜ್ಯ ಹೋದ್ರೂ ರಾಜಧಾನಿ ಇರ್ತೈತಿ," ಅಂದ ಭೀಮಯ್ಯ. ಟಿಕೀಟು ಅಚ್ಚಾಗಿದ್ದ ಒಂದು ಲಕೋಟೆ ತಂದುಕೊಟ್ಟ. ಒಳಗೆ ಏನೆಂದು ಕೇಳಲಿಲ್ಲ.

ಹನ್ನೊಂದರಲ್ಲಿ ನಾಲ್ಕು ಹೆಬ್ಬೆಟ್ಟು ಅಷ್ಟರಲ್ಲಿ ಮಣ್ಣಾಗಿದ್ದವು. ಬುಚ್ಚಮ್ಮನದು ಮೊದಲು. ಉರ್ದು ಬರಹ ನನಗೆ ಓದಲು ಬರಲಿಲ್ಲ. ಕೆಳಗೆ ನಾಲ್ಕು ಬೆರಳಗಲ ಜಾಗ ಖಾಲಿ ಇತ್ತು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಎಂದೂ ಆಡಿರಲಿಲ್ಲ. ಆ ಜಾಗದಲ್ಲಿ ಬರೆದೆ.

ಮರುದಿನ ವಾಡೆಯ ಅಂಗಳ. ಶಂಕರಯ್ಯನಿಗೆ ವಯಸ್ಸಾಗಿತ್ತು, ಹೊಯ್ದ ನೀರು ಅರ್ಧ ನಮ್ಮ ಎದೆಯ ಮೇಲೆ ಬಿತ್ತು. ಧಣಿ ಒಳಗೆ ಚುನಾವಣೆಯ ಮಾತಿನಲ್ಲಿದ್ದ. ನಾನು ಸ್ವಲ್ಪ ಹೊತ್ತು ಒಡೆದೆ. ಎಂಟು ವರ್ಷದ ಹಿಂದೆ ನನ್ನ ಗಂಡ ಬಿದ್ದಿದ್ದ ಜಾಗದಲ್ಲೇ ಆ ದಿನವೂ ಸಿಪ್ಪೆಯ ರಾಶಿ ಇತ್ತು. ಎದ್ದು ನಿಂತೆ. ಬಾಯಲ್ಲಿನ ನೀರನ್ನು ಶಂಕರಯ್ಯನ ಕಾಲ ಮುಂದೆ ಉಗುಳಿದೆ.

"ಯಾಕಲೇ ಬೋಸುಡಿ, ಎಲ್ಲಿಗೆ ಹೊಂಟಿ?"

"ಟಪಾಲು ಐತ್ರಿ."

"ಯಾರದು?"

"ನಮ್ಮದು."

ಮುಷ್ಟಿಯಲ್ಲಿ ಒಂದಿಷ್ಟು ಕಾಳು ಎತ್ತಿಕೊಂಡು, ಅವನು ನೋಡುತ್ತಿರುವಂತೆಯೇ ಬಾಯಿಗೆ ಹಾಕಿಕೊಂಡೆ. ಅಗಿಯುತ್ತಲೇ ಬಾಗಿಲು ದಾಟಿದೆ. ಹಿಂದೆ ಕೂಗು ಕೇಳಿತು. ಅಂಗಳದಲ್ಲಿ ಇನ್ನೊಬ್ಬಳು ಉಗುಳಿದ ಸದ್ದೂ ಕೇಳಿದ ಹಾಗಾಯಿತು. ತಿರುಗಿ ನೋಡಲಿಲ್ಲ.

ಲಕೋಟೆ ಕೈಯಲ್ಲಿತ್ತು, ಕೋಲಿನ ಮೇಲಲ್ಲ. ಕೈ ಬೆವರಿಗೆ ಹೈದರಾಬಾದಿನ ಒಂದು ಅಕ್ಷರ ಸ್ವಲ್ಪ ಕದಡಿತು. ಹೊಳೆಯ ತಿರುವಿನಲ್ಲಿ ನೋಡಿದರೆ ಧಣಿಯ ಆಳು ಇಬ್ಬರು ಬಡಿಗೆ ಹಿಡಿದು ಬರುತ್ತಿದ್ದರು. ಓಡುತ್ತಿರಲಿಲ್ಲ. ನಾನೂ ಓಡಲಿಲ್ಲ.

ಸ್ಟೇಶನ್ನಿನ ಗೋಡೆಗೆ ಕೆಂಪು ಡಬ್ಬಿ ಇತ್ತು. ಅದರ ಬಾಯಿ ತೆರೆದೇ ಇತ್ತು. ಲಕೋಟೆಯೊಳಗಿನ ಕಾಗದದಲ್ಲಿ, ಹನ್ನೊಂದು ಹೆಬ್ಬೆಟ್ಟಿನ ಕೆಳಗೆ, ನಾನು ಬರೆದದ್ದು ಎರಡೇ ಸಾಲು.

'ತಾಯಣ್ಣ ಇದನ್ನು ನುಂಗಿಲ್ಲ. ನನ್ನ ಮೊಣಕಾಲ ಕೆಳಗಿತ್ತು.'

ಹಿಂದೆ ಬಡಿಗೆ ಕಲ್ಲಿಗೆ ತಾಗಿದ ಸದ್ದು ಹತ್ತಿರವಾಯಿತು. ಮೊಣಕೈ ತನಕ ಕೈ ಹಾಕಿ ಲಕೋಟೆ ಬಿಟ್ಟೆ. ತಳ ಮುಟ್ಟಿದ ಸದ್ದು ಕೇಳುವ ತನಕ ಕೈ ಹೊರಗೆ ತೆಗೆಯಲಿಲ್ಲ.