ಹಳೇದು ಇಲ್ಲದ ಕಾರು

ಸಿದ್ದಾಪುರ ಬಸ್ ಸ್ಟ್ಯಾಂಡಿನ ಹಿಂದಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಹಳೇದನ್ನು ತಂದು ತೋರಿಸದ ಹೊರತು ಹೊಸದು ಕೊಡುವುದಿಲ್ಲ. ಎರಡನ್ನೂ ಕೌಂಟರಿನ ಮೇಲೆ ಪಕ್ಕಪಕ್ಕ ಇಟ್ಟು, ಕೇಬಲ್ಲಾದರೆ ಉದ್ದ, ದಪ್ಪ, ತುದಿಯ ಗುಂಡು ಎಲ್ಲವೂ ಹೊಂದಿದರೆ ಮಾತ್ರ ವ್ಯಾಪಾರ. ಮಾಲೀಕ ನಿರಂಜನ್ ಶನಿವಾರಸಂತೆ ಕಡೆಯವನು. ಗಿರಾಕಿಗಳ ಬಾಯಿಮಾತು ನಂಬಿ ಕೊಟ್ಟು, ಮಾರನೇ ದಿನ ವಾಪಸ್ ತೆಗೆದುಕೊಂಡು ಸಾಕಾಗಿ ಈ ಕಟ್ಟಳೆ ತಂದಿದ್ದ.

ಹೀಗೆ ಬಂದ ಹಳೇದನ್ನು ಮಾತ್ರ ಯಾರೂ ಮನೆಗೆ ಒಯ್ಯುತ್ತಿರಲಿಲ್ಲ. ಸಂಜೆ ಕಸ ಗುಡಿಸುವಾಗ ಅವು ಸಿಗುತ್ತಿದ್ದದ್ದು ಮುತ್ತಿಗೆ. ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ಬೆಳೆದು, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ನಾಲ್ಕು ವರ್ಷ ಕಾಫಿ ಪಿಕಿಂಗಿಗೆ ಹೋಗಿ, ಆಮೇಲೆ ಈ ಅಂಗಡಿಗೆ ಬಂದವಳು. ತುಂಡಾದ ಕೇಬಲ್ಲುಗಳ ತುದಿಯನ್ನು ಕತ್ತರಿಸಿ, ಯಾವ ಗಾಡಿಯದು ಎಂದು ಚೀಟಿ ಕಟ್ಟಿ, ಒಂದು ರಸ್ಕ್ ಡಬ್ಬದಲ್ಲಿ ಹಾಕಿಡುತ್ತಿದ್ದಳು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಮಾತು ಕಡಿಮೆ. ಒಂದು ಸಲ ಮಾತ್ರ, ಬ್ರೇಕ್ ಶೂ ಒಯ್ಯುತ್ತಿದ್ದವನಿಗೆ "ಅದು ನಿಮ್ಮ ಗಾಡಿಗೆ ಕೂರಲ್ಲ" ಎಂದುಬಿಟ್ಟಿದ್ದಳು. ಕೂರಲಿಲ್ಲ ಎನ್ನುವುದು ಬೇರೆ ಮಾತು. "ಗಿರಾಕಿ ಮುಂದೆ ಮಧ್ಯೆ ಬಾಯಿ ಹಾಕ್ಬೇಡ" ಎಂದು ನಿರಂಜನ್ ಅವತ್ತೇ ಹೇಳಿದ್ದ. ಅಲ್ಲಿಂದ ಈಚೆಗೆ ಹಾಕಿರಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಅಂಗಡಿ ಎದುರು ಒಂದು ಪಿಕಪ್ ಬಂದು ನಿಂತಿತು. ಅದರ ಮೇಲೆ ಹಗ್ಗ ಬಿಗಿದು ಕೂರಿಸಿದ ಕಾರು. ಚೌಕ ಪೈಪಿನ ಚೌಕಟ್ಟು, ತಗಡು ಬಡಿದು ಮಾಡಿದ ಬಾನೆಟ್ಟು, ಎರಡೇ ಸೀಟು. ಮುಂದಿನ ಅರ್ಧಕ್ಕೆ ಹಳದಿ ಬಣ್ಣ, ಹಿಂದಿನದಕ್ಕೆ ಇನ್ನೂ ಪ್ರೈಮರ್. ಸೀಟುಗಳ ಹಿಂದೆ ಗುಜರಿಗೆ ಹೋಗಿದ್ದ ಮಾರುತಿಯ ಇಂಜಿನ್. ಗ್ರಿಲ್ ಕೆಲಸದ ಅಭಿಲಾಷ್ ಎರಡು ವರ್ಷ ಕೂತು ಕಟ್ಟಿದ ಗಾಡಿ ಅದು. ಭಾನುವಾರ ಶ್ರೀಮಂಗಲದ ಕಡೆ ಕೊಯ್ಲಾದ ಗದ್ದೆಯಲ್ಲಿ ರೇಸು. ಎಲ್ಲ ಆಗಿತ್ತು, ಆಕ್ಸಿಲರೇಟರ್ ಕೇಬಲ್ ಒಂದು ಬಿಟ್ಟು.

"ಹಳೇದೆಲ್ಲಿ?" ನಿರಂಜನ್ ತಲೆ ಎತ್ತದೆ ಕೇಳಿದ.

"ಅಣ್ಣ, ಕಾರೇ ಮೊನ್ನೆ ಹುಟ್ಟಿದ್ದು. ಹಳೇದು ಎಲ್ಲಿಂದ ತರಲಿ?"

"ಜಾತಕನಾದ್ರೂ ತಂದಿದೀಯಾ?"

ಅಭಿಲಾಷ್ ನಕ್ಕು, ಟೇಪು ಹಿಡಿದು ಬರೆದುಕೊಂಡ ಅಳತೆ ಹೇಳಿದ. ಪೆಡಲಿನಿಂದ ಇಂಜಿನ್ನಿಗೆ ಏಳು ಅಡಿ. ಮಾರುತಿಯದೇ ಕೇಬಲ್ ಅರ್ಧ ದಾರಿಗೂ ಬರುವುದಿಲ್ಲ, ಅದರ ಇಂಜಿನ್ ಮುಂದಿರುವಂಥದ್ದು.

"ಇಂಜಿನ್ ಹಿಂದೆ ಅಂದ್ಮೇಲೆ ಯೋಚ್ನೆ ಏನು ಮಾರಾಯ? ಆಟೋದು ಹಾಕು. ಮುತ್ತಿ, ಆಟೋ ಕೇಬಲ್ ಒಂದು ತೆಗಿ."

ಮುತ್ತಿ ತೆಗೆದುಕೊಟ್ಟಳು. ಅರ್ಧ ಗಂಟೆಯಲ್ಲಿ ಅಭಿಲಾಷ್ ಅದನ್ನು ಕೂರಿಸಿ ಇಂಜಿನ್ ಸ್ಟಾರ್ಟ್ ಮಾಡಿ ಪೆಡಲ್ ಒತ್ತಿದ. ಇಂಜಿನ್ ಅರಚಿದ ಸದ್ದಿಗೆ ಎದುರಿನ ಹೋಟೆಲಿನಿಂದ ಜನ ಲೋಟ ಹಿಡಿದೇ ಹೊರಗೆ ಬಂದರು. ಯಾರೋ ಶಿಳ್ಳೆ ಹೊಡೆದರು.

ಮುತ್ತಿ ಮೆಟ್ಟಿಲ ಮೇಲೆ ನಿಂತು ನೋಡಿದ್ದು ಇಂಜಿನ್ನನ್ನಲ್ಲ, ಅವನ ಕಾಲನ್ನು. ವೆಲ್ಡಿಂಗಿನ ದಪ್ಪ ಬೂಟು. ಇಂಜಿನ್ನಿನ ಕಡೆ ಕೇಬಲ್ಲಿಗೆ ಸಿಕ್ಕಿಸಿದ ಪುಟ್ಟ ಚಕ್ರ ಪೂರ್ತಿ ತಿರುಗಿ ನಿಂತ ಮೇಲೂ ಬೂಟು ಒತ್ತುತ್ತಲೇ ಇತ್ತು. ಪೆಡಲಿನ ಕೆಳಗೆ ತಡೆ ಇಲ್ಲ. ಅವನ ಭಾರವೆಲ್ಲ ತೆಳ್ಳಗಿನ ತಂತಿಗೆ ಬಿದ್ದು, ತಂತಿ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಿಗಿದು ನಿಂತಿತ್ತು.

ಇಂಥ ರೇಸಿನಲ್ಲಿ ಗದ್ದೆಯ ಬದಿಯಲ್ಲಿ ಜನ ಎಷ್ಟು ಹತ್ತಿರ ನಿಲ್ಲುತ್ತಾರೆ ಎಂದು ಅವಳು ಕಳೆದ ವರ್ಷ ನೋಡಿದ್ದಳು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡೂ ನಿಂತಿರುತ್ತಾರೆ.

ಒಳಗೆ ಹೋಗಿ ಡಬ್ಬ ತಂದಳು.

"ಗಿರಾಕಿ ಇದಾರೆ, ಆಮೇಲೆ" ಎಂದ ನಿರಂಜನ್.

ಆದರೂ ಮುತ್ತಿ ಡಬ್ಬ ತೆರೆದು ಒಂದೊಂದೇ ತುದಿಯನ್ನು ಕೌಂಟರಿನ ಮೇಲೆ ಇಟ್ಟಳು. ಏಳು ತುದಿ. ಎಲ್ಲ ಆಟೋದವು, ಎಲ್ಲ ಒಂದೇ ಜಾಗದಲ್ಲಿ, ಗುಂಡಿನಿಂದ ಒಂದು ಬೆರಳು ಕೆಳಗೆ, ಎಳೆ ಎಳೆಯಾಗಿ ಬಿಚ್ಚಿಕೊಂಡವು.

ಸದ್ದಿಗೆ ಬಂದವರಲ್ಲಿದ್ದ, ಆಟೋ ಓಡಿಸುವ ಜವರ ಬಗ್ಗಿ ನೋಡಿದ. "ಏನೇ ಇದು, ಕೋಳಿ ಕಾಲು ಜೋಡಿಸ್ತಾ ಇದೀಯಾ?" ಚೀಟಿ ಓದಿ, "ಅಯ್ಯೋ, ಇದು ನಂದು! ಇದೂ ನಂದೇ!"

ಅಭಿಲಾಷನಿಗೆ ಹೇಳುವುದಕ್ಕಿಂತ ಲೈನಿನ ಪಕ್ಕದ ಮನೆಯ ಜವರನನ್ನು ಕೇಳುವುದು ಅವಳಿಗೆ ಸುಲಭವಾಯಿತು.

"ಜವರಮಾವ, ತುಂಡಾಗೋ ಮುಂಚೆ ನಿಮಗೆ ಗೊತ್ತಾಗಿತ್ತಾ?"

"ಗೊತ್ತಾಗದೆ ಇರುತ್ತಾ? ಎರಡು ದಿನ ಮುಂಚಿಂದ್ಲೇ ಹ್ಯಾಂಡಲ್ ತಿರುಗಿಸೋ ಕೈಗೆ ಗರಗರ ಅಂತಿತ್ತು. ಒಂದ್ಸಲ ಎಳೆ ಒಳಗೆ ಸಿಕ್ಕಿ ಹಿಡ್ಕೊಂಡೇಬಿಡ್ತು, ಸ್ಪೀಡು ಇಳೀಲೇ ಇಲ್ಲ. ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸಿ ಬಿಡಿಸಿದೆ."

ಮುತ್ತಿ ಈಗ ಅಭಿಲಾಷನ ಕಡೆ ತಿರುಗಿದಳು. ಮುಖ ನೋಡಲಾಗಲಿಲ್ಲ, ಬೂಟು ನೋಡಿದಳು.

"ಅಣ್ಣ, ನಿಮ್ಮ ಕಾಲಿಗೆ ಗರಗರ ಗೊತ್ತಾಗಲ್ಲ. ಹಿಡ್ಕೊಂಡ್ರೆ ಕಾಲಲ್ಲಿ ಎಳೆಯೋಕೂ ಆಗಲ್ಲ. ಒತ್ತೋಕೆ ಮಾತ್ರ ಆಗೋದು."

ಅಭಿಲಾಷ್ ಒಂದು ತುದಿ ಎತ್ತಿಕೊಂಡು ಹೆಬ್ಬೆರಳಿನಿಂದ ಎಳೆಗಳನ್ನು ಒತ್ತಿ ನೋಡಿದ. ಚುಚ್ಚಿತು.

"ಹಂಗಾದ್ರೆ ಏನು ಹಾಕೋಣ ಇಂಜಿನಿಯರಮ್ಮ?" ನಿರಂಜನನ ದನಿಯಲ್ಲಿ ವ್ಯಂಗ್ಯ ಇತ್ತು, ಆದರೆ ಪೂರ್ತಿ ವ್ಯಂಗ್ಯವೂ ಅಲ್ಲ.

ಮುತ್ತಿ ಮೇಲಿನ ಮೂಲೆಯ ಮೊಳೆ ತೋರಿಸಿದಳು. ಅಲ್ಲಿ ನೇತಾಡುತ್ತಿದ್ದದ್ದು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರು ಮೂರು ವರ್ಷದ ಹಿಂದೆ ತಮ್ಮ ನ್ಯಾನೋಗೆ ಹೇಳಿ ತರಿಸಿದ್ದ ಕೇಬಲ್. ಅದು ಬರುವಷ್ಟರಲ್ಲಿ ಅವರು ಕಾರನ್ನೇ ಮಾರಿದ್ದರು. "ಅದಕ್ಕೂ ಇಂಜಿನ್ ಹಿಂದೆ. ಆದ್ರೆ ಒತ್ತೋದು ಕಾಲಲ್ಲಿ."

"ಅದಿನ್ನೂ ಇದೆಯಾ?" ನಿರಂಜನ್ ಸ್ಟೂಲು ಹತ್ತಿ, ಜೇಡರ ಬಲೆ ಒರೆಸಿ, ತಾನೇ ಇಳಿಸಿದ. ಆಟೋದ ತುದಿಗಳ ಪಕ್ಕ ಇಟ್ಟಾಗ ಅದರ ತಂತಿ ದಪ್ಪ ಎಂದು ದೂರದಿಂದಲೇ ಕಾಣುತ್ತಿತ್ತು.

ಉದ್ದ ಒಂದು ಮೊಳ ಜಾಸ್ತಿಯಾಯಿತು. "ಕತ್ತರಿಸ್ಲಾ?" ಎಂದ ಅಭಿಲಾಷ್.

"ಬೇಡಣ್ಣ. ಸೀಟಿನ ಹತ್ರ ಚೂಪಾಗಿ ಮಡಿಸಿದ್ರಲ್ಲ, ಅಲ್ಲಿ ಅಗಲವಾಗಿ ಸುತ್ತಿಸಿ. ಸೈಲೆನ್ಸರಿಂದಾನೂ ದೂರ ಹೋಗುತ್ತೆ."

ತುದಿಯ ಗುಂಡು ಚೂರು ದೊಡ್ಡದಿತ್ತು. ಅಭಿಲಾಷ್ ಇಂಜಿನ್ನಿನ ಪುಟ್ಟ ಚಕ್ರದಲ್ಲಿ ಗುಂಡು ಕೂರುವ ತೂತನ್ನು ಅರದಲ್ಲಿ ಉಜ್ಜಿ ಅಗಲ ಮಾಡಿದ. ಮುತ್ತಿ ತೋರಿಸಿದ ಕಡೆ, ಪೆಡಲಿನ ಕೆಳಗೆ, ತಗಡಿಗೆ ತೂತು ಕೊರೆದು, ತಡೆಗೆಂದು ಒಂದು ಉದ್ದನೆಯ ಬೋಲ್ಟ್ ನಿಲ್ಲಿಸಿ ನಟ್ಟು ಬಿಗಿದ. ಅಷ್ಟರಲ್ಲಿ ಊಟದ ಹೊತ್ತಾಗಿತ್ತು, ಹೋಟೆಲಿನ ಜನ ಒಳಗೆ ಹೋಗಿದ್ದರು.

"ಕಾರು ಹತ್ತು" ಎಂದ ಅಭಿಲಾಷ್. "ಮೊದಲು ನೀನು ಒತ್ತಿ ನೋಡು."

ಮುತ್ತಿ ನಿರಂಜನನ ಮುಖ ನೋಡಿದಳು. ಅವನು ಬಿಲ್ ಪುಸ್ತಕ ನೋಡುತ್ತಿರುವ ಹಾಗೆ ಮಾಡಿದ. ಚಪ್ಪಲಿ ಬಿಟ್ಟು ಪಿಕಪ್ ಹತ್ತಿ, ಕಾರಿನೊಳಗೆ ಇಳಿದು ಕೂತಳು. ಬರಿಗಾಲು ಪೆಡಲಿನ ಮೇಲಿಟ್ಟು ಒತ್ತಿದಳು. ಬೆನ್ನ ಹಿಂದೆ ಇಂಜಿನ್ ಎದ್ದಿತು. ಪೆಡಲ್ ಬೋಲ್ಟಿಗೆ ತಾಗಿ ನಿಂತಿತು, ತಂತಿ ಬಿಗಿಯಲಿಲ್ಲ. ಕಾಲು ತೆಗೆದಳು. ಸದ್ದು ಇಳಿಯಿತು. ಇನ್ನೂ ಎರಡು ಸಲ ಒತ್ತಿದಳು, ಎರಡು ಸಲವೂ ಇಳಿಯಿತು.

"ಗರಗರ ಇಲ್ಲ" ಎಂದಳು.

"ನೋಡು, ಎಷ್ಟು ಚೆನ್ನಾಗಿ ಓಡಿಸ್ತಾಳೆ ನಿಂತಿರೋ ಕಾರನ್ನ!" ಎಂದು ಜವರ ಕೂಗಿದ.

ಇಳಿಯುವ ಮೊದಲು ಮುತ್ತಿ ಜೇಬಿನಿಂದ ಪೊಟ್ಟಣ ಕಟ್ಟುವ ದಾರ ತೆಗೆದು, ಪೆಡಲಿನಿಂದ ಹಿಡಿದು ಕೇಬಲ್ ಸುತ್ತಿ ಹೋದ ಹಾಗೆಯೇ ಇಂಜಿನ್ನಿನವರೆಗೆ ಎಳೆದು, ಅಷ್ಟೇ ಉದ್ದಕ್ಕೆ ಕತ್ತರಿಸಿ, ದಾರದ ಎರಡೂ ತುದಿಗೆ ಗಂಟು ಹಾಕಿಕೊಂಡಳು. ಅಂಗಡಿಗೆ ಬಂದು ಚೀಟಿಯಲ್ಲಿ "ಅಭಿಲಾಷ್, ಹಳದಿ ಕಾರು" ಎಂದು ಬರೆದು ದಾರಕ್ಕೆ ಕಟ್ಟಿದಳು.

"ಅದೇನದು?" ಎಂದ ನಿರಂಜನ್.

"ಇವರ ಹಳೇದಣ್ಣ. ಮುಂದಿನ ಸಲ ಬಂದ್ರೆ ಕೇಳ್ತೀರಲ್ಲ."

ನಿರಂಜನ್ ಅವಳ ಕೈಯಿಂದ ದಾರ ತೆಗೆದುಕೊಂಡ. ಒಂದು ಕ್ಷಣ ಹಿಡಿದು ನೋಡಿ, ಸ್ಟೂಲು ಹತ್ತಿ, ಖಾಲಿಯಾಗಿದ್ದ ಮೇಲಿನ ಮೂಲೆಯ ಮೊಳೆಗೆ ಅದನ್ನು ನೇತುಹಾಕಿದ.