ಸೋಗೆ ಸುಡದ ವರ್ಷ

ಕಿಟಕಿಯ ಕಂಬಿ ಕಾದಿದೆ, ಅವಳ ಹಣೆಗೆ ತಗಲದಿರಲಿ ಎಂದು ಕೈ ಅಡ್ಡ ಇಟ್ಟಿದ್ದೇನೆ, ಬಸ್ಸು ಕುಲುಕಿದಾಗಲೆಲ್ಲ ಇಂದ್ರಮ್ಮನ ತಲೆ ನನ್ನ ಹೆಗಲಿಗೆ ಬಂದು ಬೀಳುತ್ತದೆ, ನಿದ್ದೆ ಮಾಡಬೇಡ ಕಣೇ, ಆಲೂರು ಬಂದೇ ಬಿಡ್ತು — ಎಲ್ಲಿ ಬಂತು, ಕೆ. ಹೊಸಕೋಟೆ ಬಿಟ್ಟು ಹತ್ತು ನಿಮಿಷ ಆಗಿಲ್ಲ, ಆಸ್ಪತ್ರೆಯಲ್ಲಿ ಡಾಕ್ಟರು ಇರಲಪ್ಪ, ಹಾವಿನ ಇಂಜೆಕ್ಷನ್ ಇರಲಿ, ಹಾವು ಅಂತ ಯಾರು ಹೇಳಿದರು, ನಾನೇ ಹೇಳಿಕೊಳ್ಳುತ್ತಿದ್ದೇನೆ, ಕಬ್ಬಿನ ಕೂಳೆ ಚುಚ್ಚಿತು ಕಣ್ರೀ ಎಂದಳಲ್ಲ, ಕಡಿದ ಕಬ್ಬಿನ ಬುಡ ಮೊಳೆ ಇದ್ದ ಹಾಗೆ ಇರುತ್ತದೆ, ನನ್ನ ಕಾಲಿಗೆ ಎಷ್ಟು ಸಲ ಚುಚ್ಚಿಲ್ಲ. ಆದರೆ ಎರಡು ಚುಕ್ಕೆ, ಹಿಮ್ಮಡಿಯ ಮೇಲೆ, ಪಕ್ಕಪಕ್ಕದಲ್ಲಿ. ಸಾಲಿನ ತುಂಬ ಗೇಣೆತ್ತರ ಸೋಗೆ, ಕಬ್ಬಿನ ಒಣಗರಿ, ಅಡಿಯಲ್ಲಿ ಏನು ಮಲಗಿದೆ ಅಂತ ಕಾಣುವುದು ಹೇಗೆ, ಹೋದ ವರ್ಷದವರೆಗೂ ಕಬ್ಬು ಕಡಿದ ವಾರಕ್ಕೇ ಬೆಂಕಿ ಹಾಕುತ್ತಿದ್ದೆ, ನೆಲ ಕರ್ರಗೆ ಬೋಳಾಗಿ ಇಲಿ ಓಡಿದರೂ ಕಾಣುತ್ತಿತ್ತು. ಈ ಸಲ ಸುಡುವುದಿಲ್ಲ ಅಂದವನು ನಾನೇ. ರೇಡಿಯೋದಲ್ಲಿ ಕೇಳಿದ್ದು, ತರಗು ನೆಲದ ಮೇಲೇ ಬಿಟ್ಟರೆ ತೇವ ಆರುವುದಿಲ್ಲ, ಮಳೆ ತಡವಾದರೂ ಬೆಳೆ ತಡೆಯುತ್ತದೆ, ಸುಳ್ಳಲ್ಲ, ಮೊನ್ನೆ ಸರಿಸಿ ನೋಡಿದರೆ ಮಣ್ಣು ತಣ್ಣಗಿತ್ತು, ಎರೆಹುಳ ಇತ್ತು, ಇವಳು ಆ ಮಣ್ಣನ್ನು ಸೆರಗಿನಲ್ಲಿ ಹಾಕಿಕೊಂಡು ಹೋಗಿ ಪಕ್ಕದ ಹೊಲದ ಲಕ್ಕಪ್ಪನಿಗೆ ತೋರಿಸಿದಳು, ನೋಡಣ್ಣ, ಈ ಬಿಸಿಲಲ್ಲಿ ಎಲ್ಲೈತೆ ಹಿಂಗೆ. ಅವನು ನಕ್ಕ, ಹಾವು ಸಾಕ್ಕೊಂಡು ಕೂತಿದೀಯ ಗುಂಡಯ್ಯ, ಒಂದು ಕಡ್ಡಿ ಗೀರಿ ಹಾಕು ಮಾರಾಯ. ಹಾಕಬೇಕಿತ್ತು. ನನ್ನ ಹಟ.

ಎಂಟೂವರೆ ಬಸ್ಸಿಗೇ ಹೊರಟಿದ್ದರೆ ಈಗ ಆಸ್ಪತ್ರೆಯಲ್ಲಿರುತ್ತಿದ್ದೆವು, ನಾನು ಬಸ್ಸಿಗೆ ಓಡಲಿಲ್ಲ, ಬದುವಿನ ಬೇವಿನ ಮರಕ್ಕೆ ಓಡಿದೆ, ಅಪ್ಪ ಹಾಗೇ ಮಾಡುತ್ತಿದ್ದ, ಊರಲ್ಲಿ ಎಲ್ಲರೂ ಹಾಗೇ ನೋಡುವುದು, ಎಲೆ ಕಹಿ ಅನ್ನಿಸಿದರೆ ಬರೀ ಮುಳ್ಳು, ಕಹಿ ಗೊತ್ತಾಗದಿದ್ದರೆ ವಿಷ ಏರಿದೆ ಅಂತ. ಜಗಿದಳು, ಕಹಿ ಐತೇನೇ, ಐತೆ ಕಣ್ರೀ, ನೀವೊಬ್ರು ಪುಕ್ಕಲು, ಹೋಗಿ ನೀರು ತಿರುಗಿಸಿ. ಜೀವ ಬಂದಂತಾಯಿತು ನನಗೆ, ನೀರು ತಿರುಗಿಸಲು ಹೋದೆ, ಬಸ್ಸಿನ ಹಾರ್ನ್ ಕೇಳಿತು, ಹೋಯಿತು. ಒಂದು ಗಂಟೆ. ಒಂದು ಗಂಟೆ ಇವಳು ಸೋಗೆ ಸರಿಸುತ್ತಿದ್ದು, ಆಮೇಲೆ ಬದುವಿನ ಮೇಲೆ ಕೂತು, ಯಾಕೋ ಎಲ್ಲ ಎರಡೆರಡು ಕಾಣ್ತೈತೆ, ರೆಪ್ಪೆ ಎತ್ತಕ್ಕೆ ಆಗ್ತಿಲ್ಲ ಅಂದಳು, ಲಕ್ಕಪ್ಪಣ್ಣಂಗೆ ಹೇಳಬ್ಯಾಡಿ, ಸೋಗೆ ಸುಟ್ಟುಬುಟ್ಟಾನು. ಆಗಲೂ ಸೋಗೆಯ ಚಿಂತೆ ಅವಳಿಗೆ. ಹೆದರಿಕೆ ಆಗುತ್ತಿದೆ, ಡ್ರೈವರ್ ಯಾಕೆ ಹೀಗೆ ನಿಲ್ಲಿಸಿ ನಿಲ್ಲಿಸಿ ಹೋಗುತ್ತಾನೆ, ಇಲ್ಲ, ಏನೂ ಆಗಿಲ್ಲ, ಕಹಿ ಐತೆ ಅಂದಳಲ್ಲ, ಬಿಸಿಲಿಗೆ ತಲೆ ಸುತ್ತಿರಬೇಕು. ಟಿಕೆಟ್ಟಿಗೆ ಜೇಬಿಗೆ ಕೈ ಹಾಕಿದರೆ ಉಳಿದ ಬೇವಿನ ಗರಿ ಸಿಕ್ಕಿತು, ಒಂದೇ ಒಂದು ಎಲೆ ಬಾಯಿಗೆ ಹಾಕಿಕೊಂಡೆ, ಅಬ್ಬಾ, ಕಣ್ಣಲ್ಲಿ ನೀರು ಬಂತು, ಮುಖವೆಲ್ಲ ಕಿವುಚಿಹೋಯಿತು, ಎದುರು ಸೀಟಿನ ಹೆಂಗಸು ತಿರುಗಿ ನೋಡಿದಳು — ಇಂದ್ರಮ್ಮ ಜಗಿಯುವಾಗ ಮುಖ ಕಿವುಚಲಿಲ್ಲ. ಗರಿಯನ್ನೇ ಜಗಿದಳು, ಎಂಟು ಹತ್ತು ಎಲೆ, ವೀಳ್ಯದೆಲೆ ಜಗಿದ ಹಾಗೆ, ನಾನು ಎದುರಿಗೇ ನಿಂತು ನೋಡುತ್ತಿದ್ದೆ, ಹುಬ್ಬು ಕೂಡ ಅಲುಗಲಿಲ್ಲ, ಐತೆ ಕಣ್ರೀ ಅಂದಳು, ಜಗಿಯುತ್ತಿದ್ದಾಳೆ, ಮುಖ ಕಿವುಚುತ್ತಿಲ್ಲ, ನನ್ನನ್ನೇ ನೋಡುತ್ತ ಜಗಿಯುತ್ತಿದ್ದಾಳೆ