ಮನೆದೇವರು ಯಾವುದು?

ಎಂ.ಎ. ಮನಃಶಾಸ್ತ್ರ ಓದುತ್ತಿದ್ದ ಶಾಂತಲಾ 2006ರ ಬೇಸಿಗೆಯಿಡೀ ತುಮಕೂರು, ಗುಬ್ಬಿ, ಕುಣಿಗಲ್ ಕಾಲೇಜುಗಳಿಗೆ ಬಸ್ಸಿನಲ್ಲಿ ಅಲೆದು ಸುಸ್ತಾಗಿದ್ದಳು. ವಿದ್ಯಾರ್ಥಿಗಳು ನಂಬುವುದಕ್ಕೂ ಮಾಡುವುದಕ್ಕೂ ಎಷ್ಟು ಅಂತರ, ಆ ಅಂತರ ಅವರನ್ನು ಎಷ್ಟು ಕಾಡುತ್ತದೆ ಎಂದು ಅಳೆಯುವುದು ಅವಳ ಪ್ರಾಜೆಕ್ಟು. ಮನೆ ಬಾಡಿಗೆಗೆ ಕೊಡುವಾಗ ಜಾತಿ ನೋಡುವುದು ತಪ್ಪೇ ಎಂದರೆ ಎಲ್ಲರೂ ತಪ್ಪೆನ್ನುತ್ತಿದ್ದರು. ನಿಮ್ಮ ಮನೆಯಲ್ಲಿ ನೋಡುತ್ತಾರಾ ಎಂದರೆ, ಅದು ದೊಡ್ಡವರ ವಿಷಯ ಎಂದು ಜಾರಿಕೊಳ್ಳುತ್ತಿದ್ದರು. ಕೇಳಿ ಕೇಳಿ ಅವಳಿಗೆ ಬೇಸರ ಬಂದಿತ್ತು.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಅವಳ ಮನೆಯ ಹಿಂದಿನ ಪೋರ್ಷನ್ ಖಾಲಿಯಿತ್ತು. ಸಹಪಾಠಿ ನಾಗಭೂಷಣ್‌ಗೆ ತುರ್ತಾಗಿ ಮನೆ ಬೇಕಿತ್ತು. ಅವನ ತಾಯಿ ಮರಿಯಮ್ಮನವರಿಗೆ ತುಮಕೂರಿನಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ಕುಣಿಗಲ್ ಕಡೆಯ ಹಳ್ಳಿಯಿಂದ ಬಂದು ಹೋಗುವಷ್ಟರಲ್ಲಿ ಅವರು ಅರ್ಧ ಜೀವವಾಗುತ್ತಿದ್ದರು.

ಶಾಂತಲಾಳ ತಾಯಿ ಮಹಾಲಕ್ಷ್ಮಮ್ಮ ಯಾರನ್ನೂ ಜಾತಿ ಕೇಳಿದವರಲ್ಲ. ಮನೆದೇವರು ಯಾವುದು ಎಂದಷ್ಟೇ ಕೇಳುತ್ತಿದ್ದರು. ಉತ್ತರದಲ್ಲೇ ಜಾತಿ ತಿಳಿಯುತ್ತಿತ್ತು. ಹಿಡಿಸದಿದ್ದರೆ ಮನೆ ಇನ್ಯಾರಿಗೋ ಕೊಡಲು ಒಪ್ಪಿಕೊಂಡಾಗಿದೆ ಎಂಬ ಸುಳ್ಳು ಸಿದ್ಧವಿರುತ್ತಿತ್ತು.

ಕ್ಯಾಂಟೀನಿನಲ್ಲಿ ಶಾಂತಲಾ ಗೆಳೆಯನಿಗೆ ಉಪಾಯ ಹೇಳಿಕೊಟ್ಟಳು.

"ಅಮ್ಮ ಕೇಳಿದ್ರೆ ಯಡಿಯೂರು ಸಿದ್ದಲಿಂಗೇಶ್ವರ ಅಂದ್ಬಿಡು ಕಣೋ."

ನಾಗಭೂಷಣ್‌ಗೆ ಕೋಪ ಕೂಡ ಬರಲಿಲ್ಲ. "ಶಿರಾ ಗೇಟ್ ಹತ್ರ ನಾನಿರೋ ರೂಮಲ್ಲಿ ಹಂಗೇ ಹೇಳ್ಕೊಂಡು ಇದೀನಿ. ಈಗ ನಮ್ಮವ್ವಂಗೂ ಸುಳ್ಳು ಹೇಳ್ಕೊಡ್ಲಾ? ಸಾಕಾಗೈತೆ ಶಾಂತಲಾ," ಎಂದ.

ಅವಳಿಗೆ ನಾಚಿಕೆಯಾಯಿತು. ಅವಳ ಪ್ರಶ್ನೆಗೆ ಆ ವಿದ್ಯಾರ್ಥಿಗಳು ಜಾರಿಕೊಂಡಿದ್ದರು, ಅಷ್ಟೇ. ತಾನು ಅಮ್ಮನೆದುರು ಬಾಯಿ ಬಿಡಲಾರದೆ ಆ ಹೊರೆಯನ್ನೂ ಅವನ ತಲೆಗೇ ಕಟ್ಟಿದ್ದಳು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದಳು, ಜಾತಿಯನ್ನೂ. ಮಹಾಲಕ್ಷ್ಮಮ್ಮ ಸಿಡುಕಿದರು. ತಮಗೇನೂ ಇಲ್ಲವಂತೆ; ಆದರೆ ನೆಂಟರು ಈ ಮನೆಯಲ್ಲಿ ನೀರು ಮುಟ್ಟುತ್ತಾರಾ, ನಾಳೆ ಮಗಳ ಮದುವೆಗೆ ತೊಡಕಾದರೆ ಯಾರು ಹೊಣೆ ಎಂದರು. ಆ ಭಯ ಸುಳ್ಳಾಗಿರಲಿಲ್ಲ.

"ನಾಳೆ ಅವ್ರು ಬರ್ತಾರೆ. ಕೊಡಲ್ಲ ಅನ್ನೋದಾದ್ರೆ ಕಾರಣ ಇದೇ ಅಂತ ಅವ್ರ ಮುಖ ನೋಡಿ ಹೇಳಮ್ಮ," ಎಂದಳು ಶಾಂತಲಾ.

ಮರುದಿನ ಮಗನೊಂದಿಗೆ ಆಸ್ಪತ್ರೆಯಿಂದ ನೇರವಾಗಿ ಬಂದ ಮರಿಯಮ್ಮ ಗೇಟಿನ ಹೊರಗೇ ನಿಂತರು. ಮಹಾಲಕ್ಷ್ಮಮ್ಮ ಬಾಗಿಲಿಗೆ ಬಂದರು. ಅವರಿನ್ನೂ ಬಾಯಿ ತೆರೆದಿರಲಿಲ್ಲ.

"ನಾವು ಊರಾಚೆ ಕಾಲೋನಿಯೋರು ಕಣವ್ವ," ಎಂದರು ಮರಿಯಮ್ಮ. "ಆಮ್ಯಾಕೆ ಗೊತ್ತಾಗಿ ಬಿಡಿಸೋದು ಬ್ಯಾಡ. ಈಗ್ಲೇ ಹೇಳ್ಬುಡ್ತೀನಿ."

ಎದುರು ಮನೆಯವರು ಕಾಂಪೌಂಡಿನಾಚೆ ನಿಂತು ನೋಡುತ್ತಿದ್ದರು. ಮಹಾಲಕ್ಷ್ಮಮ್ಮ ಮರಿಯಮ್ಮನವರ ಊದಿದ ಮುಖವನ್ನೇ ನೋಡಿದರು. ಆಮೇಲೆ ತಾವೇ ಹೋಗಿ ಗೇಟು ತೆಗೆದರು.

"ನಾನು ಕೇಳ್ಲಿಲ್ಲವಲ್ಲಮ್ಮ," ಎಂದರು. "ಒಳಗ್ ಬಂದು ಕೂತ್ಕೊಳ್ಳಿ. ಸಾಮಾನು ಯಾವತ್ತು ತರ್ತೀರಿ?"